ಟ್ರಸ್ಟ್ ಸ್ಕಾಲರ್‌ಶಿಪ್‌ನಿಂದ ನಿಜಕ್ಕೂ ಡಿಗ್ರಿ ಮುಗಿಸೋರು ಹೆಚ್ಚಾಗ್ತಾರಾ? ಅಳೆಯೋದು ಹೇಗೆ?

ಚಾಮರಾಜಪೇಟೆ_ಟ್ರಸ್ಟ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸರ್ಕಾರಿ ಮತ್ತು ಅನುದಾನಿತ ಡಿಗ್ರಿ ಕಾಲೇಜುಗಳ ಬಡ ಮಕ್ಕಳಿಗೆ ನಮ್ಮ ಟ್ರಸ್ಟ್ ವರ್ಷಕ್ಕೆ ತಲಾ 15,000 ರೂಪಾಯಿ ಕೊಡುತ್ತೆ. ಪ್ರತಿ ವರ್ಷ ಹೊಸದಾಗಿ 200 ಮಕ್ಕಳು, ಮೂರು ವರ್ಷದವರೆಗೆ. ಅರ್ಹ ಅರ್ಜಿಗಳು ಸುಮಾರು 600 ಬರುತ್ವೆ. ಈಗಿನ ಕ್ರಮ: ಪಿಯುಸಿಯಲ್ಲಿ 75% ಮೇಲಿರಬೇಕು, ಆದಾಯ ಪ್ರಮಾಣಪತ್ರ 2.5 ಲಕ್ಷದೊಳಗಿರಬೇಕು, ಆಮೇಲೆ ಅಂಕದ ಪ್ರಕಾರ ಮೇಲಿನ 200. ನವೀಕರಣಕ್ಕೆ ಪ್ರತಿ ವರ್ಷ 60% ಬೇಕು. ವಾರ್ಷಿಕ ವರದಿಯಲ್ಲಿ "ನಮ್ಮ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಪಾಸ್" ಅಂತ ಹಾಕ್ತೀವಿ.

ಈ ಸಲ ದಾನಿಯೊಬ್ಬರು "ನಿಮ್ಮ ಹಣ ಇಲ್ಲದಿದ್ರೂ ಇವರು ಪಾಸಾಗ್ತಿದ್ರಲ್ವಾ?" ಅಂತ ಕೇಳಿದ್ದಾರೆ. ಅವರಿಗೆ ಉತ್ತರ ಕೊಡೋಕೆ ಏನೇನು ಬೇಕು? ದೊಡ್ಡ ಸಂಶೋಧನಾ ಸಂಸ್ಥೆಗೆ ಕೊಡುವಷ್ಟು ದುಡ್ಡಿಲ್ಲ.

ಅಂಕಿಸಂಖ್ಯೆ_ಮೇಷ್ಟ್ರು

ದಾನಿಗಳು ಕೇಳಿದ್ದು ಸರಿಯಾದ ಪ್ರಶ್ನೆ. ಹತ್ತಕ್ಕೆ ಒಂಬತ್ತು ಅನ್ನೋ ಸಂಖ್ಯೆ ಅದಕ್ಕೆ ಉತ್ತರ ಅಲ್ಲ, ಯಾಕಂದ್ರೆ ಅದು ಮೂರು ಸಲ ಜರಡಿ ಹಿಡಿದು ಉಳಿದ ಸಂಖ್ಯೆ.

ಮೊದಲನೇ ಜರಡಿ 75%. ಪಿಯುಸಿಯಲ್ಲಿ ಅಷ್ಟು ತೆಗೆದವರಲ್ಲಿ ಹೆಚ್ಚಿನವರು ಹೇಗಾದರೂ ಡಿಗ್ರಿ ಮುಗಿಸುವವರೇ. ಎರಡನೆಯದು ಅರ್ಜಿ. ಸಮಯಕ್ಕೆ ಸರಿಯಾಗಿ ಫಾರಂ ತುಂಬಿ, ದಾಖಲೆ ಜೋಡಿಸಿ, ಕಾಲೇಜಿನ ಸೀಲ್ ಹಾಕಿಸಿಕೊಂಡು ಬರುವ ಹುಡುಗನಿಗೂ ಅದನ್ನು ಮಾಡಲಾಗದವನಿಗೂ ಹಣಕ್ಕೆ ಮೊದಲೇ ವ್ಯತ್ಯಾಸ ಇದೆ. ಮೂರನೆಯದು ನವೀಕರಣದ 60%, ಮತ್ತು ಇದೇ ಅತ್ಯಂತ ಕೆಟ್ಟದ್ದು. ಎರಡನೇ ವರ್ಷ ಬ್ಯಾಕ್‌ಲಾಗ್ ಉಳಿಸಿಕೊಂಡವನ ಹೆಸರನ್ನು ಪಟ್ಟಿಯಿಂದ ತೆಗೀತೀರಿ, ಮೂರನೇ ವರ್ಷ ಉಳಿದ ಪಟ್ಟಿಯಲ್ಲಿ ಎಷ್ಟು ಮಂದಿ ಪಾಸ್ ಅಂತ ಎಣಿಸ್ತೀರಿ. ಫೇಲಾದವರನ್ನು ಹೊರಗೆ ಹಾಕಿದ ಮೇಲೆ ಉಳಿದವರು ಪಾಸಾಗಿರಲೇಬೇಕಲ್ಲ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಛೇದದಲ್ಲಿ ಯಾವಾಗಲೂ ಮೊದಲ ವರ್ಷ ಆಯ್ಕೆಯಾದ 200 ಮಂದಿಯನ್ನೇ ಇಡಿ. ಬಿಟ್ಟವರು, ನವೀಕರಣ ಸಿಗದವರು, ಫೋನ್ ಎತ್ತದವರು, ಎಲ್ಲರೂ ಅದರಲ್ಲಿ ಇರಲಿ. ಹಣದ ಪರಿಣಾಮ ಇದರಿಂದ ಗೊತ್ತಾಗಲ್ಲ, ಆದರೆ ವರದಿಯಲ್ಲಿ ಸುಳ್ಳು ಇರಲ್ಲ.

ಪೈಸಾ_ಲೆಕ್ಕ

ಹಾಗಾದ್ರೆ ಸಿಗದ 400 ಮಂದಿ ಜೊತೆ ಹೋಲಿಸಿಬಿಟ್ಟರೆ ಆಯ್ತಲ್ಲ ಮೇಷ್ಟ್ರೇ?

ಅಂಕಿಸಂಖ್ಯೆ_ಮೇಷ್ಟ್ರು

ಆಗಲ್ಲ. ಆ 400 ಮಂದಿ ಕಡಿಮೆ ಅಂಕದವರು. ಅವರು ಹಿಂದೆ ಬಿದ್ದರೆ ಅದು ಹಣ ಸಿಗದ್ದಕ್ಕೋ ಅಂಕ ಕಡಿಮೆಯಿದ್ದದ್ದಕ್ಕೋ ಹೇಳೋಕಾಗಲ್ಲ.

ಅಂಕದ ಪಟ್ಟಿ ಇರೋದರಿಂದ ಒಂದು ದಾರಿಯಂತೂ ಇದೆ. 200ನೇ ಸ್ಥಾನದಲ್ಲಿ ಗೆರೆ ಎಳೆದಿದ್ದೀರಿ. 171ರಿಂದ 200ರವರೆಗಿನವರಿಗೂ 201ರಿಂದ 230ರವರೆಗಿನವರಿಗೂ ಅಂಕದಲ್ಲಿ ಇರೋದು ಕೂದಲೆಳೆಯ ಅಂತರ, ಹಣದಲ್ಲಿ ಮಾತ್ರ ಪೂರ್ತಿ ಅಂತರ. ಆ ಎರಡು ಗುಂಪು ಹೋಲಿಸಬಹುದು. ತೊಂದರೆ ಇರೋದು ಸಂಖ್ಯೆಯಲ್ಲಿ. ಒಂದು ಕಡೆ 30 ಮಂದಿ ಇಟ್ಟುಕೊಂಡರೆ ಡಿಗ್ರಿ ಮುಗಿಸುವವರಲ್ಲಿ ನಿಜವಾದ ವ್ಯತ್ಯಾಸ 100ಕ್ಕೆ 36 ಮಂದಿಯಷ್ಟು ಇದ್ದರೆ ಮಾತ್ರ ಅದನ್ನು ಭರವಸೆಯಿಂದ ಹಿಡಿಯಬಹುದು. ಹಿಂದಿನ ಐದು ವರ್ಷದ ಪಟ್ಟಿ ಸೇರಿಸಿದರೆ ಒಂದೊಂದು ಕಡೆ 150 ಆಗುತ್ತೆ, ಆಗ 16ರ ವ್ಯತ್ಯಾಸ ಕಾಣುತ್ತೆ. ಬರೀ ಹಣ ಕೊಡುವ ಸ್ಕಾಲರ್‌ಶಿಪ್‌ಗಳು ಸಾಮಾನ್ಯವಾಗಿ ಅಷ್ಟು ಫಲ ಕೊಟ್ಟಿಲ್ಲ.

ಅಂದಾಜಿಗೆ ಸೂತ್ರ: ಒಂದು ಗುಂಪಿಗೆ ಬೇಕಾದ ಸಂಖ್ಯೆ = 16 × ಪಾಲು × (1 − ಪಾಲು) ÷ ವ್ಯತ್ಯಾಸದ ವರ್ಗ. ಪಾಲು ಅಂದರೆ ಡಿಗ್ರಿ ಮುಗಿಸುವವರ ಭಾಗ, ಅರ್ಧ ಮಂದಿ ಆದರೆ 0.5. ಅರ್ಧದಷ್ಟು ಮಂದಿ ಮುಗಿಸುವ ಕಡೆ 100ಕ್ಕೆ 5ರ ವ್ಯತ್ಯಾಸ ಹಿಡಿಯಲು 16 × 0.5 × 0.5 ÷ 0.0025, ಅಂದರೆ ಗುಂಪಿಗೆ 1,600 ಮಂದಿ. 100ಕ್ಕೆ 10ರ ವ್ಯತ್ಯಾಸಕ್ಕೆ 400 ಸಾಕು.

ಪೈಸಾ_ಲೆಕ್ಕ

ಅದೇ ಗೆರೆ ಉಪಾಯವನ್ನು ಆದಾಯದ 2.5 ಲಕ್ಷಕ್ಕೆ ಹಾಕಬಹುದಲ್ಲ? ಸರ್ಕಾರದ ಸ್ಕೀಮಿನಲ್ಲಂತೂ ಲಕ್ಷಗಟ್ಟಲೆ ಮಕ್ಕಳಿದ್ದಾರೆ, ಸಂಖ್ಯೆಯ ತೊಂದರೆಯೇ ಇರಲ್ಲ.

ನಾಡಕಚೇರಿ_ಕ್ಯೂ

ಅಮೆರಿಕದ ಫ್ಲೋರಿಡಾದಲ್ಲಿ ಅದು ನಡೆದಿದೆ, ಇಲ್ಲಿ ನಡೆಯಲ್ಲ. ಅಲ್ಲಿ ಕುಟುಂಬ ಎಷ್ಟು ಭರಿಸಬಲ್ಲದು ಅನ್ನೋದನ್ನು ತೆರಿಗೆ ಲೆಕ್ಕದಿಂದ ಸೂತ್ರ ಹಾಕಿ ತೆಗೀತಿದ್ರು. ಅಧ್ಯಯನಕ್ಕೆ ತಗೊಂಡ 2000ದ ಸುಮಾರಿಗೆ ಆ ಮೊತ್ತ 1,590 ಡಾಲರ್ ದಾಟಿದರೆ ರಾಜ್ಯದ ನೆರವು ಇರಲಿಲ್ಲ. ಅಪ್ಪ-ಅಮ್ಮ ಅದನ್ನು ಮೊದಲೇ ಲೆಕ್ಕ ಹಾಕಿ ಗೆರೆಯ ಕೆಳಗೆ ಕೂರೋದು ಕಷ್ಟ.

ನಮ್ಮಲ್ಲಿ ಆದಾಯ ಪ್ರಮಾಣಪತ್ರ ಬರೋದು ನಾಡಕಚೇರಿಯಿಂದ. ಅರ್ಜಿದಾರರು ಹೇಳಿದ್ದು, ಗ್ರಾಮ ಆಡಳಿತಾಧಿಕಾರಿ ವರದಿ ಕೊಟ್ಟಿದ್ದು, ಎರಡೂ ಸೇರಿ ಒಂದು ಸಂಖ್ಯೆ. ಸಂಬಳದ ಚೀಟಿ ಇಲ್ಲದ ಮನೆಗೆ ಅದಕ್ಕಿಂತ ಹೆಚ್ಚು ನಿಖರತೆ ಬರೋದೂ ಇಲ್ಲ. ಬಿಪಿಎಲ್ ಕಾರ್ಡಿನ ಮಿತಿ 1.2 ಲಕ್ಷ, ಪೋಸ್ಟ್ ಮೆಟ್ರಿಕ್ (ಎಸ್‌ಎಸ್‌ಎಲ್‌ಸಿ ನಂತರದ ಓದಿಗೆ ಸರ್ಕಾರ ಕೊಡುವ ಸ್ಕಾಲರ್‌ಶಿಪ್) ಮಿತಿ 2.5 ಲಕ್ಷ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಸಂಖ್ಯೆಗಳು ಮಿತಿಯ ಕೆಳಗೆ ಬಂದು ಗುಂಪಾಗಿ ಕೂರುತ್ವೆ. ಪ್ರಮಾಣಪತ್ರಕ್ಕೆ ಐದು ವರ್ಷ ಮಾನ್ಯತೆ ಬೇರೆ. ಪಿಯುಸಿಗೆ ಮಾಡಿಸಿದ್ದನ್ನೇ ಡಿಗ್ರಿ ಕೊನೇ ವರ್ಷಕ್ಕೂ ಕೊಡ್ತಾರೆ, ಅಷ್ಟರಲ್ಲಿ ಅಪ್ಪನ ಕೆಲಸ ಹೋಗಿರಬಹುದು, ಅಕ್ಕನಿಗೆ ಕೆಲಸ ಸಿಕ್ಕಿರಬಹುದು.

ಪರೀಕ್ಷೆ ಸುಲಭ. ನಿಮ್ಮ 600 ಅರ್ಜಿಗಳ ಆದಾಯವನ್ನು 10,000 ರೂಪಾಯಿಯ ಮೆಟ್ಟಿಲುಗಳಾಗಿ ಮಾಡಿ ಕಂಬಚಿತ್ರ ಎಳೀರಿ. ಮಿತಿಯ ಕೆಳಗೆ ಗೋಪುರ, ಮೇಲೆ ಬಯಲು ಕಂಡರೆ ಆ ಗೆರೆಯ ಎರಡು ಬದಿಯವರನ್ನು ಹೋಲಿಸೋ ಯೋಚನೆ ಬಿಡಿ. ಗೆರೆಯ ಕೆಳಗಿರೋದು ಬಡವರು ಮಾತ್ರ ಅಲ್ಲ, ವ್ಯವಸ್ಥೆ ಗೊತ್ತಿರೋರೂ ಹೌದು.

ಚಾಮರಾಜಪೇಟೆ_ಟ್ರಸ್ಟ್

ಹೊರಗಿನ ಅಧ್ಯಯನಗಳು ಏನು ಹೇಳ್ತವೆ? ಅದನ್ನೇ ದಾನಿಗಳಿಗೆ ತೋರಿಸಿದರೆ ಸಾಕಾಗಲ್ವಾ?

ಅಂಕಿಸಂಖ್ಯೆ_ಮೇಷ್ಟ್ರು

ತೋರಿಸಿ, ಆದರೆ ಪೂರ್ತಿ ತೋರಿಸಿ. ಅನುಕೂಲವಾದ ಒಂದನ್ನು ಆರಿಸಿಕೊಂಡರೆ ದಾನಿ ಇನ್ನೊಂದನ್ನು ಹುಡುಕಿ ತರ್ತಾರೆ.

ವಿಸ್ಕಾನ್ಸಿನ್ ರಾಜ್ಯದ್ದು ಎಲ್ಲಕ್ಕಿಂತ ಪಾಠ ಇರೋದು. 2008ರಲ್ಲಿ ಖಾಸಗಿ ದತ್ತಿಯೊಂದು ಬಡ ವಿದ್ಯಾರ್ಥಿಗಳಿಗೆ ಲಾಟರಿಯ ಹಾಗೆ ಚೀಟಿ ಎತ್ತಿ ವರ್ಷಕ್ಕೆ 3,500 ಡಾಲರ್ ಕೊಡೋಕೆ ಶುರು ಮಾಡಿತು. ಮೊದಲ ತಂಡದಲ್ಲಿ ನಾಲ್ಕೇ ವರ್ಷಕ್ಕೆ ಡಿಗ್ರಿ ಮುಗಿಸಿದವರು 16%ನಿಂದ 21%ಗೆ ಏರಿದರು. ದೊಡ್ಡ ಸುದ್ದಿಯಾಯಿತು. ಆಮೇಲೆ ಹಲವು ತಂಡಗಳನ್ನು ಸೇರಿಸಿ ಹತ್ತು ವರ್ಷದವರೆಗೆ ನೋಡಿದಾಗ ಒಟ್ಟು ಡಿಗ್ರಿ ಪಡೆದವರ ಪ್ರಮಾಣ ಹೆಚ್ಚಿರಲಿಲ್ಲ. ಕೆಲವರು ಬೇಗ ಮುಗಿಸಿದ್ದರು, ವಿಜ್ಞಾನ-ತಂತ್ರಜ್ಞಾನದ ಡಿಗ್ರಿಗಳು ಸ್ವಲ್ಪ ಹೆಚ್ಚಾಗಿದ್ದವು, ಅಷ್ಟೆ. ಒಂದೇ ಯೋಜನೆ, ಎರಡು ಉತ್ತರ. ಒಂದು ತಂಡ ನೋಡಿ ತೀರ್ಪು ಕೊಡಬೇಡಿ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೇಲೆ ಹೇಳಿದ ಫ್ಲೋರಿಡಾದಲ್ಲಿ ಸುಮಾರು 1,300 ಡಾಲರ್ ಹೆಚ್ಚುವರಿ ನೆರವಿಗೆ ಆರು ವರ್ಷದೊಳಗೆ ಡಿಗ್ರಿ ಪಡೆದವರು 100ಕ್ಕೆ 4.6 ಮಂದಿ ಹೆಚ್ಚಾದರು. ನೆಬ್ರಾಸ್ಕಾದಲ್ಲಿ ಬಫೆಟ್ ಪ್ರತಿಷ್ಠಾನದ ಸ್ಕಾಲರ್‌ಶಿಪ್ ಬಹಳ ಧಾರಾಳವಾದದ್ದು, ಅದನ್ನೂ ಚೀಟಿ ಎತ್ತಿಯೇ ಹಂಚಿ ನೋಡಿದರು. ನಾಲ್ಕು ವರ್ಷದ ಕಾಲೇಜಿಗೆ ಹೊರಟವರಲ್ಲಿ ಡಿಗ್ರಿ ಪಡೆದವರು 100ಕ್ಕೆ 8 ಮಂದಿಯಷ್ಟು ಹೆಚ್ಚಾದರು.

ನೆಬ್ರಾಸ್ಕಾದ ಎರಡು ವಿವರ ನಿಮಗೆ ನೇರವಾಗಿ ಬೇಕಾದವು. ಲಾಭ ಬಹುಪಾಲು ಹೋಗಿದ್ದು ನೆರವಿಲ್ಲದಿದ್ದರೆ ಆ ಕಾಲೇಜಿಗೆ ಹೋಗುವ ಸಾಧ್ಯತೆಯೇ ಕಡಿಮೆ ಇದ್ದವರಿಗೆ. ಹೇಗಿದ್ದರೂ ಮುಗಿಸುತ್ತಿದ್ದವರಿಗೆ ಕೊಟ್ಟದ್ದು ಸಾಲ ಇಳಿಸಿತು, ಡಿಗ್ರಿ ಸಂಖ್ಯೆ ಹೆಚ್ಚಿಸಲಿಲ್ಲ. ಎರಡನೆಯದು, ಡಿಗ್ರಿ ಮೇಲಿನ ಪರಿಣಾಮ ಮೊದಲ ವರ್ಷದಲ್ಲಿ ಗಳಿಸಿದ ಕ್ರೆಡಿಟ್‌ಗಳ ಮೂಲಕವೇ ಬಂದಿತ್ತು. ಅಂದರೆ ಮೂರು ವರ್ಷ ಕಾಯದೆ ಮೊದಲ ವರ್ಷದ ಕೊನೆಗೇ ಒಂದು ಸೂಚನೆ ಸಿಗುತ್ತೆ.

ಈಗ ನಿಮ್ಮ 75%ನ ಗೆರೆ ನೋಡಿ. ಹಣದಿಂದ ಹಣೆಬರಹ ಬದಲಾಗಬಹುದಾದವರನ್ನು ಬಾಗಿಲಲ್ಲೇ ನಿಲ್ಲಿಸಿದ್ದೀರಿ.

ಕಾಲೇಜ್_ಆಫೀಸು

ಡಾಲರ್ ಲೆಕ್ಕ ಇಲ್ಲಿಗೆ ಹಾಗೇ ಇಳಿಸಬೇಡಿ ಸಾರ್. ಅಲ್ಲಿ ಫೀಸೇ ದೊಡ್ಡ ಹೊರೆ. ಇಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಬಿಎ, ಬಿಕಾಂ ಫೀಸು ಕಟ್ಟಲಾಗದೆ ಬಿಟ್ಟವರು ಕಡಿಮೆ. ಬಿಡೋದಕ್ಕೆ ಕಾರಣ ಬೇರೆ.

ಊರಿಂದ ಬಂದ ಹುಡುಗ ಹಾಸ್ಟೆಲ್ ಸೀಟು ಸಿಗದೆ ಪಿಜಿ ಹಿಡೀತಾನೆ. ಬಾಡಿಗೆಗೆ ಡೆಲಿವರಿ ಕೆಲಸ, ಇಲ್ಲ ಚಿಕ್ಕಪೇಟೆ ಬಟ್ಟೆ ಅಂಗಡಿ, ಇಲ್ಲ ಛತ್ರದಲ್ಲಿ ಕೇಟರಿಂಗ್. ರಾತ್ರಿ ಕೆಲಸ ಅಂದ್ರೆ ಬೆಳಗ್ಗೆ ಮೊದಲ ಎರಡು ಪೀರಿಯಡ್ ಹೋಯ್ತು. ಹಾಜರಾತಿ 75% ಕೆಳಗೆ ಬಂತು. ಇಂಟರ್ನಲ್ಸ್ ಹೋಯ್ತು, ಪರೀಕ್ಷೆಗೆ ಕೂರಿಸಲ್ಲ ಅಂತ ನೋಟಿಸು. ಅದರ ಮೇಲೆ ಕನ್ನಡ ಮಾಧ್ಯಮದಿಂದ ಬಂದು ಅಕೌಂಟ್ಸ್, ಸ್ಟ್ಯಾಟಿಸ್ಟಿಕ್ಸ್ ಇಂಗ್ಲಿಷಲ್ಲಿ. ಎರಡನೇ ಸೆಮ್ ಮುಗಿಯೋ ಹೊತ್ತಿಗೆ ಮೂರ್ನಾಲ್ಕು ಬ್ಯಾಕ್‌ಲಾಗ್. ಮೂರನೇ ಸೆಮ್ ಫೀಸು ಕಟ್ಟೋ ದಿನ ಬರೋದೇ ಇಲ್ಲ. ಟಿಸಿನೂ ಕೇಳಲ್ಲ, ರಿಜಿಸ್ಟರಲ್ಲಿ ಹೆಸರು ಹಾಗೇ ಇರುತ್ತೆ.

ಆದ್ದರಿಂದ ಅಳೆಯೋದಾದ್ರೆ ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡ್ತಾನೆ ಅಂತ ಕೇಳಿ. ನಿಮ್ಮ 15,000 ಆ ಗಂಟೆಗಳನ್ನು ಕಡಿಮೆ ಮಾಡಿದ್ರೆ ಕೆಲಸ ಮಾಡ್ತಿದೆ. ಮಾಡದೇ ಇದ್ರೆ ಅಪ್ಪನ ಸಾಲಕ್ಕೆ ಹೋಯ್ತು, ಇಲ್ಲ ಫೋನಿಗೆ ಹೋಯ್ತು ಅಂತ ಅರ್ಥ. ಅಪ್ಪನ ಸಾಲಕ್ಕೆ ಹೋದ್ರೆ ತಪ್ಪೇನಿಲ್ಲ, ಆದ್ರೆ ಆಗ ಡಿಗ್ರಿ ಲೆಕ್ಕದಲ್ಲಿ ಕಾಣಲ್ಲ.

ನಾಡಕಚೇರಿ_ಕ್ಯೂ

ಇನ್ನೊಂದು ಸೇರಿಸಿ. ನಿಮ್ಮ ಹಣ ಸಿಗದವರಿಗೆ ಏನೂ ಸಿಗ್ತಿಲ್ಲ ಅಂತಲ್ಲ. ಹೋಲಿಕೆ ಇರೋದು "15,000 ಮತ್ತು ಸೊನ್ನೆ" ನಡುವೆ ಅಲ್ಲ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ) ಪೋರ್ಟಲ್ ಮೂಲಕ ಬರುವ ಸರ್ಕಾರಿ ಹಣ ಎರಡು ಕಡೆಯೂ ಇದೆ.

ಪರಿಶಿಷ್ಟ ಜಾತಿಯ ಪೋಸ್ಟ್ ಮೆಟ್ರಿಕ್ ಯೋಜನೆಯ ಪರಿಷ್ಕೃತ ದರದಲ್ಲಿ ಸಾಮಾನ್ಯ ಪದವಿಗೆ ಶುಲ್ಕದ ಹೊರತಾಗಿ ವರ್ಷಕ್ಕೆ ಸಿಗೋದು ಹಾಸ್ಟೆಲಿನವರಿಗೆ 6,000, ಮನೆಯಿಂದ ಬರುವವರಿಗೆ 3,000. ಪಿಜಿಯ ಒಂದು ತಿಂಗಳಿಗೂ ಸಾಲದು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ: ಊಟ-ವಸತಿಗೆ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು. ರೈತರ ಮಕ್ಕಳಿಗೆ 2021ರಲ್ಲಿ ಬಂದ ವಿದ್ಯಾನಿಧಿಯಲ್ಲಿ ಬಿಎ, ಬಿಕಾಂ, ಬಿಎಸ್ಸಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ಅಂತ ಇತ್ತು. ಸರ್ಕಾರಿ ಶಾಲೆ-ಕಾಲೇಜಲ್ಲಿ ಓದಿಬಂದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ಕೊಡ್ತಿದೆ. ಅದರ ಮುಂದೆ ನಿಮ್ಮ 15,000ದ ಪರಿಣಾಮ ಹುಡುಗಿಯರಲ್ಲಿ ಮಂಕಾಗಿ ಕಾಣೋದು ಸಹಜ.

ಜೊತೆಗೆ ಈ ಷರತ್ತು: ಪೋಸ್ಟ್ ಮೆಟ್ರಿಕ್ ಪಡೆಯುವವರು ಇನ್ನೊಂದು ಸ್ಕಾಲರ್‌ಶಿಪ್ ಪಡೆಯುವಂತಿಲ್ಲ. ನಿಮ್ಮ ಪತ್ರದಲ್ಲಿ "ವಿದ್ಯಾರ್ಥಿವೇತನ" ಅಂತ ಮುದ್ರಿಸಿ ಕೊಟ್ಟರೆ ಹುಡುಗ ಒಂದನ್ನು ಬಿಡಬೇಕಾದೀತು. ಪುಸ್ತಕ, ಊಟ-ವಸತಿಗೆ ನೆರವು ಅಂತ ಕೊಡೋಕೆ ಅವಕಾಶ ಇದೆಯಾ ಅಂತ ಆ ವರ್ಷದ ಆದೇಶ ನೋಡಿಕೊಂಡೇ ಪತ್ರದ ಮಾತು ಬರೀರಿ. ಖಾಸಗಿ ಕಾಲೇಜಾದರೆ ಇನ್ನೊಂದು ಸೋರಿಕೆ ಇದೆ: ಟ್ರಸ್ಟಿನ ಚೆಕ್ ಬಂತು ಅಂತ ಗೊತ್ತಾದರೆ ಆಡಳಿತ ಮಂಡಳಿ ತಾನು ಕೊಡ್ತಿದ್ದ ರಿಯಾಯಿತಿ ನಿಲ್ಲಿಸುತ್ತೆ. 15,000 ಕೊಟ್ಟಿರಿ, ಹುಡುಗಿಗೆ ಉಳಿದಿದ್ದು 5,000. ಹಾಗಾಗಿ ಅರ್ಜಿಯಲ್ಲಿ ಒಟ್ಟು ನೆರವಿನ ಲೆಕ್ಕ ಕೇಳಿ, ವರ್ಷದ ಕೊನೆಗೆ ಮತ್ತೆ ಕೇಳಿ.

ಪೈಸಾ_ಲೆಕ್ಕ

ನನ್ನ ಲೆಕ್ಕ ಇಷ್ಟೆ. ಮೂರು ವರ್ಷಕ್ಕೆ ಒಬ್ಬರಿಗೆ 45,000. ನೂರು ಮಂದಿಗೆ 45 ಲಕ್ಷ. ನೂರಕ್ಕೆ 5 ಮಂದಿ ಹೆಚ್ಚು ಡಿಗ್ರಿ ಮುಗಿಸಿದರೆ ಒಂದು ಹೆಚ್ಚುವರಿ ಡಿಗ್ರಿಗೆ 9 ಲಕ್ಷ ಬಿತ್ತು. 8 ಮಂದಿ ಅಂದ್ರೂ 5.6 ಲಕ್ಷ.

ಅದರ ಬದಲು ತಿಂಗಳಿಗೆ 25,000 ಸಂಬಳಕ್ಕೆ ಒಬ್ಬರನ್ನಿಟ್ಟು 600 ಮಕ್ಕಳಿಗೂ ಎಸ್‌ಎಸ್‌ಪಿ ಅರ್ಜಿ ಹಾಕಿಸಿ. ವರ್ಷಕ್ಕೆ 3 ಲಕ್ಷ, ತಲೆಗೆ 500 ರೂಪಾಯಿ. ಅಮೆರಿಕದಲ್ಲಿ ತೆರಿಗೆ ಫಾರಂ ತುಂಬಿಸೋ ಅಂಗಡಿಗಳಲ್ಲೇ ಪೋಷಕರಿಗೆ ಸರ್ಕಾರಿ ನೆರವಿನ ಅರ್ಜಿಯನ್ನೂ ತುಂಬಿಸಿಕೊಟ್ಟ ಪ್ರಯೋಗ 2012ರಲ್ಲಿ ಪ್ರಕಟವಾಗಿದೆ. ಹತ್ತು ನಿಮಿಷದೊಳಗಿನ ಕೆಲಸ, ಕಾಲೇಜು ಸೇರಿದವರು 34%ನಿಂದ 42%ಗೆ ಏರಿದರು. ಬರೀ ಮಾಹಿತಿ ಕೊಟ್ಟು ಕಳಿಸಿದ ಗುಂಪಿನಲ್ಲಿ ಏನೂ ಆಗಲಿಲ್ಲ. ಕೂತು ಫಾರಂ ತುಂಬಿಸಿದ್ದೇ ಫಲ ಕೊಟ್ಟಿದ್ದು.

ಯಲಹಂಕ_ಮೇಡಂ

ಆ ಪ್ರಯೋಗ ತುಂಬಾ ಒಳ್ಳೇದು, ಆದರೆ ಅದು ಹೆಚ್ಚಿಸಿದ್ದು ಕಾಲೇಜು ಸೇರೋರನ್ನ. ಇಲ್ಲಿನ ಪ್ರಶ್ನೆ ಸೇರಿದವರು ಮುಗಿಸೋದರ ಬಗ್ಗೆ. ಎರಡೂ ಬೇರೆ ಕಾಯಿಲೆ.

9 ಲಕ್ಷದ ಲೆಕ್ಕದಲ್ಲೂ ಒಂದು ಒಗಟಿದೆ. ಉಳಿದ 95 ಮಂದಿಗೆ ಕೊಟ್ಟ ಹಣ ನೀರಿಗೆ ಹೋಗಿಲ್ಲ, ಅವರ ಮನೆಯ ಸಾಲ ಇಳಿದಿದೆ, ಊಟ ಸರಿಯಾಗಿದೆ. ಡಿಗ್ರಿಯೊಂದನ್ನೇ ಫಲ ಅಂತ ಇಟ್ಟುಕೊಂಡರೆ ಮಾತ್ರ 9 ಲಕ್ಷ.

ಇನ್ನು ನ್ಯೂಯಾರ್ಕ್ ನಗರದ ಕಮ್ಯುನಿಟಿ ಕಾಲೇಜುಗಳ (ಎರಡು ವರ್ಷದ ಡಿಗ್ರಿ ಕೊಡುವ ಕಾಲೇಜುಗಳು) ಅಸಾಪ್ ಯೋಜನೆ ನೋಡಿ. ಹಣದ ಜೊತೆಗೆ ಸಾರಿಗೆ ಪಾಸ್, ಪಠ್ಯಪುಸ್ತಕ, ಪದೇ ಪದೇ ಭೇಟಿಯಾಗುವ ಸಲಹೆಗಾರರು, ಟ್ಯೂಷನ್, ಪೂರ್ಣಾವಧಿ ಓದಲೇಬೇಕೆಂಬ ಷರತ್ತು. ಮೂರು ವರ್ಷದಲ್ಲಿ ಮುಗಿಸಿದವರು 22%ನಿಂದ 40%ಗೆ ಏರಿದರು. ಒಬ್ಬ ವಿದ್ಯಾರ್ಥಿಗೆ ಖರ್ಚು ಮಾಮೂಲಿಗಿಂತ ಸುಮಾರು 60% ಹೆಚ್ಚಾಯ್ತು, ಆದರೆ ಮುಗಿಸಿದವರು ಅಷ್ಟು ಹೆಚ್ಚಿದ್ದರಿಂದ ಒಂದು ಡಿಗ್ರಿಗೆ ತಗುಲಿದ ಖರ್ಚು ಕಡಿಮೆಯಾಯ್ತು. ಪೈಸಾ ಲೆಕ್ಕದವರು ಇದನ್ನು ಗಮನಿಸಬೇಕು. 15,000ದಲ್ಲಿ 3,000 ಕಡಿತ ಮಾಡಿ ಆ ಹಣದಲ್ಲಿ ಮೊದಲ ವರ್ಷದ ಅಕೌಂಟ್ಸ್ ಮತ್ತು ಇಂಗ್ಲಿಷ್‌ಗೆ ಶನಿವಾರದ ಪಾಠ ಇಟ್ಟರೆ ಹೇಗೆ ಅಂತ ನೋಡುವುದು ನನ್ನ ಪ್ರಕಾರ ಹೆಚ್ಚು ಉಪಯುಕ್ತ.

ನವೀಕರಣದ 60% ಮಾತ್ರ ತೆಗೆದುಬಿಡಿ. ಪೇಪರ್ ಹೋದ ವರ್ಷವೇ ಅವರಿಗೆ ಹಣ ಬೇಕಾಗಿರೋದು. ಷರತ್ತು ಇಡಲೇಬೇಕು ಅಂದರೆ ಮುಂದಿನ ಸೆಮಿಸ್ಟರಿಗೆ ದಾಖಲಾಗಿದ್ದರೆ ಸಾಕು, ಬ್ಯಾಕ್‌ಲಾಗ್ ಪರೀಕ್ಷೆ ಶುಲ್ಕ ಕಟ್ಟಿದ ರಸೀದಿ ತಂದರೆ ಸಾಕು ಅಂತ ಇಡಿ.

ಚಾಮರಾಜಪೇಟೆ_ಟ್ರಸ್ಟ್

ಆ ಅಮೆರಿಕದ ಅಧ್ಯಯನಗಳ ಹಾಗೆ ಚೀಟಿ ಎತ್ತಿ ಹಂಚೋಣ ಅಂದ್ರೆ ನಮ್ಮ ಟ್ರಸ್ಟಿಗಳು ಒಪ್ಪಲ್ಲ. "ಬಡತನದಲ್ಲಿ ಜೂಜಾಡಿಸ್ತೀರಾ" ಅಂತಾರೆ.

ಅಂಕಿಸಂಖ್ಯೆ_ಮೇಷ್ಟ್ರು

ಎಲ್ಲರಿಗೂ ಚೀಟಿ ಬೇಡ. ಮೂರು ಪದರ ಮಾಡಿ.

ಮೊದಲು ಅಗತ್ಯದ ಅಂಕ ಕೊಡಿ. ಪ್ರಮಾಣಪತ್ರದ ಸಂಖ್ಯೆ ಬಿಟ್ಟು, ಅಲ್ಲಾಡಿಸಲು ಕಷ್ಟವಾದ ಸಂಗತಿಗಳನ್ನು ಕೇಳಿ: ಸರ್ಕಾರಿ ಶಾಲೆಯಲ್ಲಿ ಓದಿದ್ದಾ, ಮನೆಯಲ್ಲಿ ದುಡಿಯೋರು ಎಷ್ಟು ಮಂದಿ ಮತ್ತು ಏನು ಕೆಲಸ, ಬಾಡಿಗೆ ಮನೆಯಾ, ತಾಯಿ ಎಷ್ಟು ಓದಿದ್ದಾರೆ, ಇನ್ನೆಷ್ಟು ಮಕ್ಕಳು ಓದ್ತಿದ್ದಾರೆ, ತಂದೆ ಅಥವಾ ತಾಯಿ ಇಲ್ಲವಾ, ಮನೆಯಲ್ಲಿ ದೀರ್ಘ ಕಾಯಿಲೆ ಇದೆಯಾ. ಹತ್ತರಲ್ಲಿ ಒಂದು ಅರ್ಜಿಗೆ ಮನೆ ಭೇಟಿ ಮಾಡಿ. ಭೇಟಿ ಇರುತ್ತೆ ಅಂತ ಅರ್ಜಿಯಲ್ಲೇ ಬರೆದರೆ ಅರ್ಧ ಸುಳ್ಳು ಅಲ್ಲೇ ನಿಲ್ಲುತ್ತೆ. ಪಿಯುಸಿ ಅಂಕಕ್ಕೆ ಪಾಸ್ ಆಗಿದ್ದರೆ ಸಾಕು.

600ರಲ್ಲಿ ಅಗತ್ಯ ಅತಿ ಹೆಚ್ಚಿರುವ 80 ಮಂದಿಗೆ ನೇರವಾಗಿ ಕೊಡಿ, ಅವರನ್ನು ಹೋಲಿಕೆಗೆ ಎಳೀಬೇಡಿ. ಕೆಳಗಿನ 220 ಮಂದಿಗೆ ಇಲ್ಲ. ನಡುವಿನ 300 ಮಂದಿ ಹೆಚ್ಚುಕಡಿಮೆ ಒಂದೇ ಸ್ಥಿತಿಯವರು. ಉಳಿದ 120 ಸ್ಕಾಲರ್‌ಶಿಪ್ ಅವರ ನಡುವೆ ಚೀಟಿಯಿಂದ. ಟ್ರಸ್ಟಿಗಳಿಗೆ ಹೀಗೆ ಕೇಳಿ: 140ನೇ ಹುಡುಗಿಗೂ 260ನೇ ಹುಡುಗನಿಗೂ ಯಾರು ಹೆಚ್ಚು ಬಡವರು ಅಂತ ನೀವು ಆಣೆ ಮಾಡಿ ಹೇಳ್ತೀರಾ? ಆಗದಿದ್ದರೆ ಪಟ್ಟಿ ಎನ್ನುವುದೂ ಒಂದು ಚೀಟಿಯೇ, ಶಿಫಾರಸಿಗೆ ಬಾಗುವ ಚೀಟಿ.

ಎತ್ತುವ ಮೊದಲು ಕಾಲೇಜು, ಕೋರ್ಸ್, ಹುಡುಗ-ಹುಡುಗಿ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಐದಕ್ಕೆ ಎರಡರಂತೆ ಎತ್ತಿ. ಎಕ್ಸೆಲ್‌ನಲ್ಲಿ ಮಾಡೋರು ಒಂದು ಎಚ್ಚರ ವಹಿಸಿ. ರ‍್ಯಾಂಡ್ ಸೂತ್ರ ಹಾಕಿದ ಕಾಲಂ ಶೀಟಿನಲ್ಲಿ ಯಾವ ಕೋಶ ತಿದ್ದಿದರೂ ಮತ್ತೆ ಬದಲಾಗುತ್ತೆ. ಸಂಖ್ಯೆ ಬಂದ ತಕ್ಷಣ ಕಾಪಿ ಮಾಡಿ ಬೆಲೆಗಳಾಗಿ ಮಾತ್ರ ಪೇಸ್ಟ್ ಮಾಡಿ, ಆಮೇಲೆ ವಿಂಗಡಿಸಿ, ಎರಡು ಸಾಕ್ಷಿ ಸಹಿ ಹಾಕಿಸಿ. ಇಲ್ಲದಿದ್ದರೆ "ಇಷ್ಟವಾದ ಹೆಸರು ಬರೋ ತನಕ ಒತ್ತಿದರು" ಅಂತ ಮಾತು ಬರುತ್ತೆ, ಅದನ್ನು ಅಲ್ಲಗಳೆಯೋಕೆ ನಿಮ್ಮ ಹತ್ತಿರ ಏನೂ ಇರಲ್ಲ.

ಒಂದು ವರ್ಷದ 120 ಮತ್ತು 180ರ ಹೋಲಿಕೆಯಲ್ಲಿ 100ಕ್ಕೆ 16-17ರ ವ್ಯತ್ಯಾಸ ಮಾತ್ರ ಹಿಡಿಯಬಹುದು. ಮೂರು ವರ್ಷದ ತಂಡ ಸೇರಿದರೆ 360 ಮತ್ತು 540, ಆಗ 9-10ಕ್ಕೆ ಇಳಿಯುತ್ತೆ. ಹಾಗಾಗಿ ಮೊದಲ ವರ್ಷ "ಪರಿಣಾಮ ಇಲ್ಲ" ಅಂತ ಬಂದರೆ ಅದರ ಅರ್ಥ "ಕಾಣುವಷ್ಟು ಸಂಖ್ಯೆ ಇಲ್ಲ" ಅಂತ.

ಲೆಕ್ಕ ಹಾಕುವಾಗ ಚೀಟಿಯಲ್ಲಿ ಹೆಸರು ಬಂದ ಎಲ್ಲರನ್ನೂ ಒಂದು ಕಡೆ ಇಡಿ, ಹಣ ತಗೊಳ್ಳದವರೂ ಸೇರಿ. 120ರಲ್ಲಿ 96 ಮಂದಿ ಮಾತ್ರ ತಗೊಂಡಿದ್ದು, ಎರಡು ಗುಂಪಿನ ವ್ಯತ್ಯಾಸ 100ಕ್ಕೆ 8 ಅಂದರೆ, ನಿಜವಾಗಿ ಹಣ ಪಡೆದವರ ಮೇಲೆ ಆದ ಪರಿಣಾಮ 8 ÷ 0.8 = 10. ತಗೊಳ್ಳದವರನ್ನು ಮೊದಲೇ ಬಿಸಾಕಿದರೆ ಚೀಟಿ ಎತ್ತಿದ ಶ್ರಮವೆಲ್ಲ ವ್ಯರ್ಥ.

ಕಾಲೇಜ್_ಆಫೀಸು

ಫಲಿತಾಂಶ ಎಲ್ಲಿಂದ ತಗೋತೀರಿ ಅನ್ನೋದೂ ಮುಖ್ಯ. ಮಕ್ಕಳನ್ನ ಕೇಳಿದ್ರೆ "ಎಲ್ಲಾ ಕ್ಲಿಯರ್ ಸಾರ್" ಅಂತಾರೆ. 2021-22ರಿಂದ ಸೇರಿದವರ ದಾಖಲಾತಿ, ಪರೀಕ್ಷೆ ಎಲ್ಲ ಯುಯುಸಿಎಂಎಸ್ ಅನ್ನೋ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಅರ್ಜಿ ಹಾಕುವಾಗಲೇ ರಿಜಿಸ್ಟರ್ ನಂಬರ್ ಮತ್ತು ಫಲಿತಾಂಶ ನೋಡೋಕೆ ಲಿಖಿತ ಒಪ್ಪಿಗೆ ತಗೊಳ್ಳಿ, ಸಿಗೋರು ಸಿಗದೋರು ಇಬ್ಬರ ಹತ್ತಿರವೂ. 2023ರ ದತ್ತಾಂಶ ರಕ್ಷಣೆ ಕಾಯ್ದೆ ಬಂದಮೇಲೆ ಒಪ್ಪಿಗೆ ಇಲ್ಲದೆ ಕಾಲೇಜು ಕೊಡೋಕೆ ಹಿಂದೆಮುಂದೆ ನೋಡುತ್ತೆ.

ಹಳೇ ವರ್ಷಗಳ ಜೊತೆ ಹೋಲಿಸೋದು ಬೇಡವೇ ಬೇಡ. 2020ರಲ್ಲಿ ಕೋವಿಡ್ ಅಂತ ಮಧ್ಯದ ಸೆಮಿಸ್ಟರಿನವರು ಪರೀಕ್ಷೆ ಇಲ್ಲದೆ ಮುಂದೆ ಹೋದ್ರು. 2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ), ನಾಲ್ಕು ವರ್ಷದ ಆನರ್ಸ್, ಮಧ್ಯೆ ಹೊರಹೋಗೋ ಅವಕಾಶ. 2024-25ರಿಂದ ಮತ್ತೆ ಮೂರು ವರ್ಷ, ಹೊಸ ಪಠ್ಯಕ್ರಮ. "ಡಿಗ್ರಿ ಮುಗಿಸಿದ್ರು" ಅನ್ನೋದರ ಅರ್ಥನೇ ಮೂರು ಸಲ ಬದಲಾಗಿದೆ. ಒಂದೇ ವರ್ಷ ಸೇರಿದವರನ್ನ ಒಬ್ಬರಿಗೊಬ್ಬರು ಹೋಲಿಸಿ.

ಇನ್ನು ರಿಜಿಸ್ಟರಲ್ಲಿ ಕಾಣದವರು ಎಲ್ಲಾ ಬಿಟ್ಟವರಲ್ಲ. ಕಾಲೇಜು ಬದಲಾಯಿಸಿರ್ತಾರೆ, ಮುಕ್ತ ವಿಶ್ವವಿದ್ಯಾಲಯಕ್ಕೆ ಕಟ್ಟಿರ್ತಾರೆ, ಐಟಿಐ ಸೇರಿರ್ತಾರೆ.

ಯಲಹಂಕ_ಮೇಡಂ

ಹೌದು. ಅದರಲ್ಲೂ ಹಣ ಸಿಗದವರು ನಿಮ್ಮ ಫೋನ್ ಯಾಕೆ ಎತ್ತಬೇಕು? ಸಿಕ್ಕವರಲ್ಲಿ 95% ಮಂದಿಯ ಮಾಹಿತಿ ಬಂದು, ಸಿಗದವರಲ್ಲಿ 60% ಬಂದರೆ ಹೋಲಿಕೆ ಕುಂಟುತ್ತೆ, ಯಾಕಂದ್ರೆ ಎತ್ತದವರಲ್ಲೇ ಬಿಟ್ಟವರು ಹೆಚ್ಚು. ಅರ್ಜಿಯಲ್ಲಿ ಮೂರು ನಂಬರ್ ತಗೊಳ್ಳಿ: ತನ್ನದು, ತಾಯಿಯದು, ಜೊತೆಗಿರದ ಒಬ್ಬ ಸಂಬಂಧಿಕರದು. ಸೆಮಿಸ್ಟರಿಗೊಂದು ಸಲ ಐದು ನಿಮಿಷದ ಕರೆ, ಉತ್ತರಿಸಿದ ಎಲ್ಲರಿಗೂ 100 ರೂಪಾಯಿ ರೀಚಾರ್ಜ್. ಇದು ಎರಡೂ ಗುಂಪಿಗೆ ಸಮ ಇರಬೇಕು. ಕರೆ ಮಾಡೋರಿಗೆ ಯಾರು ಯಾವ ಗುಂಪು ಅಂತ ಗೊತ್ತಿರಬಾರದು.

ಹುಡುಗಿಯರ ಲೆಕ್ಕ ಬೇರೆಯಾಗಿ ತೋರಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರ ಬಸ್ ಖರ್ಚು ಇಳಿದಿದೆ, ಹುಡುಗರದ್ದು ಇಳಿದಿಲ್ಲ. ಮದುವೆಯಾಗಿ ಬಿಟ್ಟವರನ್ನು ಬೇರೆ ಕಾಲಂನಲ್ಲಿ ಬರೀರಿ. ಅದನ್ನು ಲೆಕ್ಕದಿಂದ ತೆಗೀಬೇಡಿ, ಹಣವಿದ್ದ ಕಡೆ ಮದುವೆ ಮುಂದೆ ಹೋಗಿದ್ದರೆ ಅದೂ ಪರಿಣಾಮವೇ.

ಪೈಸಾ_ಲೆಕ್ಕ

ಸರಿ, ಒಪ್ಪಿದೆ. ಆದರೆ ಮಿಚಿಗನ್‌ನಲ್ಲಿ ಹೊಸ ಹಣವೇ ಕೊಡದೆ ಆದ ಪ್ರಯೋಗವನ್ನೂ ಟ್ರಸ್ಟಿಗಳಿಗೆ ಹೇಳಿ. ಬಡ ಮಕ್ಕಳಿಗೆ ಹೇಗೂ ಸಿಗುತ್ತಿದ್ದ ಶುಲ್ಕ ವಿನಾಯಿತಿಯನ್ನೇ ಮುಂಚಿತವಾಗಿ "ನಿಮಗೆ ಖಚಿತ" ಅಂತ ಬಣ್ಣದ ಪತ್ರದಲ್ಲಿ ಬರೆದು ಕಳಿಸಿದರು. ಆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದವರು 26%ನಿಂದ 68%ಗೆ, ಸೇರಿದವರು 12%ನಿಂದ 27%ಗೆ ಹೋದರು. ಅಂದರೆ ಮೊತ್ತಕ್ಕಿಂತ ಖಚಿತತೆ. ನೀವು ಡಿಸೆಂಬರ್‌ನಲ್ಲಿ ಪಟ್ಟಿ ಹಾಕ್ತೀರಿ ಅಂದ್ರೆ ಅಡ್ಮಿಷನ್ ದಿನದ ತೀರ್ಮಾನದ ಮೇಲೆ ಸೊನ್ನೆ ಪರಿಣಾಮ.

ಚಾಮರಾಜಪೇಟೆ_ಟ್ರಸ್ಟ್

ನಮ್ಮದು ನವೆಂಬರ್‌ನಲ್ಲಿ ಪಟ್ಟಿ, ಜನವರಿಯಲ್ಲಿ ಒಂದೇ ಕಂತು. ಮುಂದಿನ ಸಾಲಿಗೆ ಬದಲಾಯಿಸಬಹುದು. ಮೊದಲ ವರ್ಷದ ಕೊನೆಗೆ ದಾನಿಗಳಿಗೆ ಯಾವ ಅಂಕಿ ಕೊಡಲಿ?

ಅಂಕಿಸಂಖ್ಯೆ_ಮೇಷ್ಟ್ರು

ಐದೇ ಸಾಲು, ಚೀಟಿ ಎತ್ತುವ ಮೊದಲೇ ಕಾಗದದಲ್ಲಿ ಬರೆದು ದಾನಿಗಳಿಗೆ ಕಳಿಸಿಬಿಡಿ. ಆಮೇಲೆ ಚೆನ್ನಾಗಿ ಕಂಡದ್ದನ್ನು ಆರಿಸುವ ಆಸೆ ಬರಲ್ಲ.

ಮೂರನೇ ಸೆಮಿಸ್ಟರಿಗೆ ದಾಖಲಾದವರ ಪಾಲು. ಮೊದಲೆರಡು ಸೆಮಿಸ್ಟರಿನಲ್ಲಿ ಬರೆಯಬೇಕಿದ್ದ ಕ್ರೆಡಿಟ್‌ನಲ್ಲಿ ಪಾಸಾದದ್ದು ಎಷ್ಟು. ಹಾಜರಾತಿ ಕೊರತೆಯ ಪಟ್ಟಿಗೆ ಬಂದವರು. ವಾರಕ್ಕೆ ಕೂಲಿ ಕೆಲಸದ ಗಂಟೆ. ಕೈಸೇರಿದ ಒಟ್ಟು ನೆರವು, ಸರ್ಕಾರದ್ದೂ ಸೇರಿ. ಪ್ರತಿ ಸಾಲಿಗೂ ಎರಡು ಗುಂಪಿನ ಅಂಕಿ, ಎಷ್ಟು ಮಂದಿಯ ಮಾಹಿತಿ ಸಿಕ್ಕಿಲ್ಲ ಅನ್ನೋದು, ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನೋದು ಇರಲಿ. ಕ್ರೆಡಿಟ್ ಮತ್ತು ಗಂಟೆ ಹೌದು-ಇಲ್ಲ ಅನ್ನೋ ಲೆಕ್ಕ ಅಲ್ಲದ ಕಾರಣ ಕಡಿಮೆ ಸಂಖ್ಯೆಯಲ್ಲೂ ಸ್ವಲ್ಪ ಬೇಗ ಕಾಣ್ತವೆ. ಪಿಯುಸಿ ಅಂಕವನ್ನು ಲೆಕ್ಕಕ್ಕೆ ಸೇರಿಸಿದರೆ ಇನ್ನಷ್ಟು ಸ್ಪಷ್ಟವಾಗುತ್ತೆ.

ನಾಡಕಚೇರಿ_ಕ್ಯೂ

ಐದನೇ ಸಾಲಿಗೆ ಪಾಸ್‌ಬುಕ್ ನೋಡಿಯೇ ಬರೀರಿ. ಸರ್ಕಾರಿ ಹಣ ಹೋಗೋದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಸಿಮ್ ತಗೊಳ್ಳುವಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹೋಗಿ ಬಿದ್ದಿರುತ್ತೆ, ಹುಡುಗ "ಬಂದಿಲ್ಲ" ಅಂತಿರ್ತಾನೆ. ಇನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಅರ್ಜಿಯೇ ಮುಂದೆ ಹೋಗಿರಲ್ಲ. ಈ ಎರಡನ್ನೂ ನಿಮ್ಮ ಅರ್ಜಿ ಪರಿಶೀಲನೆಯ ದಿನವೇ 600 ಮಂದಿಗೂ ನೋಡಿಕೊಡಿ, ಎರಡೂ ಗುಂಪಿಗೆ ಸಮವಾಗಿ.

ಕಾಲೇಜ್_ಆಫೀಸು

ಕಂತಿನ ಬಗ್ಗೆ: ಜನವರಿಯ ಒಂದೇ ಗಂಟು ಬೇಡ. ಅಡ್ಮಿಷನ್ ವಾರದಲ್ಲಿ 5,000, ಆಮೇಲೆ ತಿಂಗಳಿಗೆ 1,000ದಂತೆ ಹತ್ತು ತಿಂಗಳು, 5ನೇ ತಾರೀಖಿನೊಳಗೆ. ಪಿಜಿ ಬಾಡಿಗೆ ಕೇಳೋದು ಆವತ್ತೇ. ಚೀಟಿ ಎತ್ತೋದಾದ್ರೆ ಪಿಯುಸಿ ಫಲಿತಾಂಶ ಬಂದ ಮೂರು ವಾರದೊಳಗೆ ಮುಗಿಸಿ. ಅರ್ಜಿ ಫಾರಂ ನಮ್ಮಂಥ ಆಫೀಸುಗಳಿಗೆ ಏಪ್ರಿಲ್‌ನಲ್ಲೇ ಕೊಟ್ಟರೆ ಅಡ್ಮಿಷನ್ ಫಾರಂ ಜೊತೆಗೆ ಪಿನ್ ಮಾಡಿ ಹಂಚ್ತೀವಿ.